ಮಾತೆಗೆ ಪಾಳಿ ಹಚ್ಚಿದ ದೊಡ್ಡವ್ವ

ಜಗತ್ತಿನ ಕಥೋಲಿಕರೆಲ್ಲ ಮಾತೆ ಮರಿಯಮ್ಮನ ಆಶ್ರಯದಲ್ಲಿದ್ದಾರೆ ಎಂದು ನಮ್ಮ ಫಾದರ್ ಹೇಳುತ್ತಾರೆ. ಇರಬಹುದು. ಆದರೆ ಅಕ್ಟೋಬರ್ ತಿಂಗಳಲ್ಲಿ ಮಾತೆ ಮರಿಯಮ್ಮ ಮಾತ್ರ ನಮ್ಮ ದೊಡ್ಡವ್ವನ ಆಶ್ರಯದಲ್ಲಿರುತ್ತಾಳೆ! ಯಾವ ಓಣಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಯಾರ ಮನೆಯ ಯಾವ ಗೂಡಿನಲ್ಲಿ ಕೂರಬೇಕು, ಎಲ್ಲವನ್ನೂ ಗೊತ್ತು ಮಾಡುವವಳು ದೊಡ್ಡವ್ವ. ದೇವರ ತಾಯಿಗೇ ಇದರಲ್ಲಿ ಮಾತಾಡುವ ಹಕ್ಕಿಲ್ಲ ಅಂದಮೇಲೆ ನಮ್ಮಂಥವರ ಪಾಡು ಕೇಳಬೇಕೆ?

ದೊಡ್ಡವ್ವ ಅಂದರೆ ನನ್ನ ಅವ್ವನ ಅಕ್ಕ. ಗಜೇಂದ್ರಗಡದ ದವಾಖಾನೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ನರ್ಸಬಾಯಿಯಾಗಿ ದುಡಿದು ನಿವೃತ್ತಳಾದವಳು. ನಿವೃತ್ತಿ ಎಂಬ ಮಾತನ್ನು ಅವಳೆದುರು ಅಪ್ಪಿತಪ್ಪಿಯೂ ಆಡಬೇಡಿ. ನಿವೃತ್ತಳಾದ ಮರುದಿನವೇ ಚರ್ಚಿಗೆ ಹೋಗಿ "ಫಾದರ್, ಇಲ್ಲಿ ಏನೇನ್ ಸೇವಾ ಅದಾವ ಹೇಳ್ರಿ" ಎಂದು ಕೇಳಿದಳಂತೆ. ಪಾಪ, ಅವರು ಒಂದನ್ನು ಆರಿಸಿಕೊಳ್ಳಲಿ ಎಂದು ನಾಲ್ಕು ಹೇಳಿದರು. ಪೂಜೆಯಲ್ಲಿ ಬೈಬಲ್ಲಿನ ವಾಚನ ಓದುವುದು, ಪೀಠಕ್ಕೆ ಹೂ ಇಡುವುದು, ರೋಗಿಗಳ ಭೇಟಿ, ಅಕ್ಟೋಬರ್ ತಿಂಗಳ ಜಪಸರ. ದೊಡ್ಡವ್ವ "ಆತ್ರಿ" ಎಂದು ನಾಲ್ಕನ್ನೂ ಸೆರಗಿಗೆ ಕಟ್ಟಿಕೊಂಡು ಬಂದಳು!

ಅವಳ ರೋಗಿಗಳ ಭೇಟಿ ನೋಡುವಂಥದ್ದು. ಯಾರೋ ಎರಡು ದಿನ ಮಲಗಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಬಾಗಿಲಲ್ಲಿ ಹಾಜರು. ಮೊದಲು ನಾಡಿ, ಆಮೇಲೆ ನಾಲಿಗೆ, ಕೊನೆಗೆ ಪ್ರಾರ್ಥನೆ. ನಡುನಡುವೆ ಬೈಗುಳ. "ಮಿರ್ಚಿ ಭಜಿ ತಿಂದು ಹೊಟ್ಟಿ ಕೆಡಿಸಿಕೊಳ್ಳಾಂವ ನೀನು, ರಿಪೇರಿ ಮಾಡಾಕ ದೇವರು ಬರಬೇಕೇನು? ಆತಗ ಬ್ಯಾರೆ ಕೆಲಸ ಇಲ್ಲ?" ನಮ್ಮ ಚರ್ಚಿನ ಜನ ಅರ್ಧ ಗುಳಿಗೆಯಿಂದ ಗುಣವಾಗುತ್ತಾರೆ, ಇನ್ನರ್ಧ ದೊಡ್ಡವ್ವ ಬಂದಾಳೆಂಬ ಅಂಜಿಕೆಯಿಂದ.

ಇನ್ನು ಅಕ್ಟೋಬರಿನ ವಿಷಯ. ಅದು ಜಪಸರದ ತಿಂಗಳು. ಮಾತೆಯ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಆ ಮನೆಯಲ್ಲಿ ಎಲ್ಲರೂ ಸೇರಿ ಮಣಿ ಎಣಿಸುತ್ತ ಜಪ ಹೇಳುತ್ತಾರೆ. ಮರುದಿನ ಮುಂದಿನ ಮನೆ. ದೊಡ್ಡ ಊರುಗಳಲ್ಲಿ ಮನೆ ಹೆಚ್ಚು, ದಿನ ಕಡಿಮೆ. ನಮ್ಮಲ್ಲಿ ಉಲ್ಟಾ! ಗಜೇಂದ್ರಗಡ, ರೋಣ, ನರಗುಂದ, ಹೊಳೆಆಲೂರು ಎಲ್ಲ ಕಡೆ ಗುಡಿಸಿ ಬಳಿದರೂ ಕಥೋಲಿಕರ ಮನೆ ಹದಿನಾಲ್ಕು. ತಿಂಗಳಿಗೆ ದಿನ ಮೂವತ್ತೊಂದು. ಮೊದಲೆಲ್ಲ ಹದಿನಾಲ್ಕು ದಿನ ತಿರುಗಿ ಬಂದು, ಉಳಿದ ದಿನ ಮಾತೆ ಚರ್ಚಿನ ಕಪಾಟಿನಲ್ಲಿ ನಿಂತಿರುತ್ತಿದ್ದಳು. ದೊಡ್ಡವ್ವನಿಗೆ ಇದು ಸರಿಬರಲಿಲ್ಲ.

"ತಿಂಗಳು ಆಕಿದು. ಆಕಿನ್ನ ಕಪಾಟಿನಾಗ ಇಟ್ಟು ಕೀಲಿ ಜಡಿಯೂದಂದ್ರ ಏನ್ರಿ ಇದು?"

ಅವಳು ಉಳಿದ ದಿನಗಳನ್ನು ಊರಿಗೆ ಹಂಚಿಬಿಟ್ಟಳು. ಊರಿಗೆ ಅಂದರೆ ಇಡೀ ಊರಿಗೆ! ಸೀರೆ ಅಂಗಡಿ ಸಾಹುಕಾರರ ಮನೆ, ನೇಕಾರ ಓಣಿಯ ನಾಲ್ಕು ಮನೆ, ಟೇಲರ್ ಅಂಗಡಿ, ಬಸ್‌ಸ್ಟ್ಯಾಂಡಿನ ಚಹಾದಂಗಡಿ. ಪಟ್ಟಿ ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದಳು. ನಮ್ಮ ಫಾದರ್ ಕರಾವಳಿಯವರು, ಪುಸ್ತಕದ ಕನ್ನಡ ಮಾತಾಡುವವರು. ಪಟ್ಟಿ ಓದಿ ಗಾಬರಿಯಾದರು.

"ಅಮ್ಮಾ, ಇವರಲ್ಲಿ ಬಹಳ ಮಂದಿ ಕಥೋಲಿಕರೇ ಅಲ್ಲವಲ್ಲ?"

"ಫಾದರ್, ಮಾತೆ ತುಂಬಿದ ಬಸರಿ, ಬೆತ್ಲೆಹೇಮಿನಾಗ ಜಾಗ ಕೇಳಿಕೋತ ಮನಿಮನಿ ತಿರುಗಿದಳಲ್ರಿ, ಆವಾಗ ಅಲ್ಲಿ ಕಥೋಲಿಕರ ಮನಿ ಯಾವುದಿತ್ರಿ?"

ವರ್ಷಗಟ್ಟಲೆ ದೇವಶಾಸ್ತ್ರ ಓದಿದ ಫಾದರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, "ಹಾಗಾದರೆ ಆಗಲಿ" ಎಂದರು.

ಊರವರು ಒಪ್ಪಿದರೇ ಎಂದು ಕೇಳುತ್ತೀರಾ? ಒಪ್ಪದೆ ಎಲ್ಲಿಗೆ ಹೋಗುತ್ತಾರೆ! ಊರಿನ ಅರ್ಧ ಮಂದಿ ಹುಟ್ಟಿದ್ದೇ ಅವಳ ಕೈಯಲ್ಲಿ. ಸೀರೆ ಅಂಗಡಿ ಸಾಹುಕಾರರು ಸ್ವಲ್ಪ ಅನುಮಾನ ಮಾಡಿದ್ದಕ್ಕೆ, ತುಂಬಿದ ಅಂಗಡಿಯಲ್ಲಿ, "ಏನೋ, ವಿಚಾರ ಮಾಡ್ತೀಯೇನು? ನಿನ್ನ ಕಾಲು ಹಿಡದು ತಲಿಕೆಳಗ ಮಾಡಿ, ಬೆನ್ನಿಗೆ ಬಡದು ಅಳಿಸಿದಾಕಿ ನಾನು!" ಎಂದಳು. ಆ ದಪ್ಪ ಮೀಸೆಯ ಮನುಷ್ಯ ಗಿರಾಕಿಗಳ ಮುಖ ನೋಡದೆ ತಾರೀಖು ಬರೆದುಕೊಂಡರು. ಅವರ ಹೆಂಡತಿಗೆ ಮಾತ್ರ ಹಿಗ್ಗೋ ಹಿಗ್ಗು. ಮನೆಗೆ ಹೆಣ್ಣುಮಗಳು ಬಂದಮೇಲೆ ಬರಿಗೈಲೆ ಕಳಿಸಲಾದೀತೆ? ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಕಣ ಇಟ್ಟು ಮಾತೆಗೆ ಉಡಿ ತುಂಬಿದರು. ಹಸಿರು ಬಳೆ ಕೈಗೆ ಏರಲಿಲ್ಲ. ಅದಕ್ಕೇನಂತೆ, ಪಾದದ ಹತ್ತಿರ ಇಟ್ಟು ನಮಸ್ಕಾರ ಮಾಡಿದರು.

ಟೇಲರ್ ಸಾಹೇಬರ ತಾಯಿ ಮೊದಲೇ ಖಡಕ್ಕಾಗಿ ಹೇಳಿದರು. "ನರ್ಸಬಾಯಿ, ಮೂರ್ತಿ ನಮ್ಮ ಮನಿಯೊಳಗ ಇಡಂಗಿಲ್ಲ. ಆದ್ರ ಮರಿಯಮ್ ಬೀಬಿ ಹೆಸರಿಲೆ ಬಂದೋರಿಗೆ ಚಹಾ ಇಲ್ಲ ಅನ್ನಂಗಿಲ್ಲ." ಹೀಗಾಗಿ ಆ ದಿನದ ಜಪ ಅಂಗಡಿಯ ಹೊರಗೆ, ಬೇವಿನ ಗಿಡದ ಕೆಳಗೆ. ಜಪ ಮುಗಿಯುವುದರೊಳಗೆ ಟೇಲರ್ ಸಾಹೇಬರು ಟೇಪು ಹಿಡಿದು ಅಳತೆ ತೆಗೆದುಕೊಂಡು, ಪ್ರತಿಮೆ ಒಯ್ಯುವುದಕ್ಕೆ ನೀಲಿ ಬಟ್ಟೆಯ ಚೀಲ ಹೊಲಿದುಕೊಟ್ಟರು. "ದಾರ್ಯಾಗ ಧೂಳು ಭಾಳ ನೋಡ್ರಿ" ಎಂದರು.

ಚಹಾದಂಗಡಿ, ಬೇವಿನ ಗಿಡ ಎಲ್ಲ ಆಯಿತು. ಆದರೆ ಹದಿನಾಲ್ಕು ಕಥೋಲಿಕರ ಮನೆ ಎಂದೆನಲ್ಲ, ದೊಡ್ಡವ್ವನ ಪಟ್ಟಿಯಲ್ಲಿ ಇದ್ದದ್ದು ಹದಿಮೂರೇ. ಇಲ್ಲದ ಒಂದು ಮನೆ ಯಾವುದು ಗೊತ್ತೇ? ನಮ್ಮದು! ಒಡಹುಟ್ಟಿದ ತಂಗಿಯ ಮನೆ!

ಅದರ ಕಥೆ ಹೀಗಿದೆ. ನಮ್ಮವ್ವ ಚರ್ಚಿನ ಹಾಡಿನ ತಂಡದ ಮುಂದಾಳು, ಹಾರ್ಮೋನಿಯಂ ಅವಳದೇ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳುವುದೂ ಅವಳೇ. ಅವಳಿಗೊಂದು ಕಾಯಿಲೆಯಿದೆ, ದೊಡ್ಡವ್ವನ ಮದ್ದಿಗೂ ಬಗ್ಗದ್ದು. ತಪ್ಪು ಕಂಡರೆ ತಿದ್ದದೆ ಇರಲಾರಳು. ಮದುವೆಯ ಕಾರ್ಡು ಕೊಡಲು ಬಂದವರಿಗೆ ಚಹಾಕ್ಕಿಂತ ಮೊದಲು ಕಾರ್ಡಿನ ತಪ್ಪು ತೋರಿಸುತ್ತಾಳೆ. ಒಂದು ವರ್ಷ, ಚರ್ಚಿನ ಹಬ್ಬದ ದಿನ, ಬೇರೆ ಊರಿನವರೆಲ್ಲ ಸೇರಿದ್ದಾಗ, ದೊಡ್ಡವ್ವ ವಾಚನಕ್ಕೆ ನಿಂತಳು. ಪುಸ್ತಕದ ಎರಡು ಹಾಳೆ ಅಂಟಿಕೊಂಡಿದ್ದವು. ಹಿಂದಿನ ವಾರದ ವಾಚನವನ್ನೇ ಏರಿಳಿತ ಕೊಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಓದತೊಡಗಿದಳು. ಅವ್ವ ಹಾರ್ಮೋನಿಯಂ ಮುಂದಿನಿಂದ ಕೂಗಿಯೇಬಿಟ್ಟಳು.

"ಅಕ್ಕಾ, ಅದು ಹೋದ ವಾರದ್ದು!"

ಮೈಕು ಚಾಲೂ ಇತ್ತು. ಇಡೀ ಚರ್ಚು ನಕ್ಕಿತು. ಫಾದರ್ ಕೂಡ ನಕ್ಕರು. ದೊಡ್ಡವ್ವ ಪುಸ್ತಕ ಮುಚ್ಚಿ ಕೆಳಗಿಳಿದಳು. ಪೂಜೆ ಮುಗಿದಮೇಲೆ ಅಂಗಳದಲ್ಲಿ "ನಾಕ ಮಂದ್ಯಾಗ ನನ್ನ ಮಾನಾ ಕಳದಿ. ಇನ್ನ ಮ್ಯಾಲ ನನ್ನ ಕೂಡ ಮಾತಾಡಬ್ಯಾಡ" ಎಂದಳು. ಅವ್ವನೂ ಅದೇ ತಾಯಿಯ ಮಗಳಲ್ಲವೇ? "ಆತು. ಇನ್ನ ನೀ ಹಗಲನ್ನ ರಾತ್ರಿ ಅಂದ್ರೂ ನಾ ಬಾಯಿ ಬಿಡಂಗಿಲ್ಲ" ಎಂದಳು.

ಅಂದಿನಿಂದ ನಾನು ಟೆಲಿಫೋನಾದೆ. ಜಕ್ಕಲಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಗಣಿತ ಕಲಿಸುವ ನಾನು, ಭಾನುವಾರ ಚರ್ಚಿನಲ್ಲಿ ಇಬ್ಬರ ನಡುವೆ ನಿಲ್ಲಬೇಕಾಯಿತು. ಎರಡು ಮಾರು ದೂರದಲ್ಲಿ ನಿಂತು ದೊಡ್ಡವ್ವ "ನಿಮ್ಮವ್ವಗ ಹೇಳು, ಹಾಡು ಭಾಳ ಎಳದಾಡತಾಳ" ಎನ್ನುವಳು. ನಾನು ತಿರುಗಿ ಅವ್ವನಿಗೆ ಹೇಳಬೇಕು. "ನಿಮ್ಮ ದೊಡ್ಡವ್ವಗ ಹೇಳು, ಹೂವಿನ ನೀರು ಹಾರ್ಮೋನಿಯಂ ಮ್ಯಾಲ ಬೀಳತಾವ." ಈ ಕಡೆ ತಿರುಗಬೇಕು. ಒಮ್ಮೆ ನನಗೆ ಗಂಟಲು ಕಟ್ಟಿ ಮೂರು ದಿನ ಮಾತು ನಿಂತಿತು. ರೋಗಿಯ ಭೇಟಿಯ ಲೆಕ್ಕದಲ್ಲಿ ದೊಡ್ಡವ್ವ ಬಂದಳು. ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಒಂದೇ ಒಲೆಯ ಮುಂದೆ ನಿಂತು ನನಗೆ ಕಷಾಯ ಕುದಿಸಿದರು, ಒಬ್ಬರಿಗೊಬ್ಬರು ತುಟಿ ಪಿಟಕ್ಕೆನ್ನದೆ!

ನಗುವ ವಿಷಯವೇ. ಆದರೆ ನನಗೆ ನಗು ಬರುತ್ತಿರಲಿಲ್ಲ. ಪ್ರತಿವರ್ಷ ಅಕ್ಟೋಬರ್ ಒಂದನೇ ತಾರೀಖು ಅವ್ವ ನಮ್ಮ ಪಡಸಾಲೆಯ ಗೂಡನ್ನು ಒರೆಸಿ, ಎರಡು ಮೇಣಬತ್ತಿ ಇಡುತ್ತಿದ್ದಳು. ಯಾಕವ್ವಾ ಅಂದರೆ "ಧೂಳಾಗಿತ್ತು" ಎನ್ನುವಳು. ತಿಂಗಳು ಮುಗಿದಮೇಲೆ ಸುಡದ ಮೇಣಬತ್ತಿಗಳನ್ನು ತೆಗೆದು ಟ್ರಂಕಿನಲ್ಲಿ ಇಡುವಳು.

ಜಗಳಕ್ಕೆ ಆರು ವರ್ಷ ತುಂಬಿದಾಗಿನ ಮಾತು. ಆ ವರ್ಷವಷ್ಟೇ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ ಆಗಿತ್ತು. ಹೊಳೆಆಲೂರಿನ ಮನೆಯ ಪಾಳಿ ಬಂದಾಗ ದೊಡ್ಡವ್ವನ ಜೊತೆ ನಾನೂ ಹೊರಟೆ. ಮಾತೆಗೆ ಕಿಟಕಿ ಪಕ್ಕದ ಸೀಟು. ಕಂಡಕ್ಟರ್ ಬಂದ.

"ಯವ್ವಾ, ಈ ಮೂರ್ತಿ ಸೀಟ್ ಹಿಡದೈತಿ. ಲಗೇಜ್ ಚಾರ್ಜ್ ಆಗತೈತಿ ನೋಡ್ರಿ."

"ಲಗೇಜ್ ಅಂತಿಯಲ್ಲೋ! ಹೆಣ್ಮಗಳಲ್ಲೇನು ಆಕಿ? ಫ್ರೀ ಟಿಕೆಟ್ ಹರಿ."

"ಹಂಗಾರ ಆಧಾರ್ ಕಾರ್ಡ್ ತೋರಸ್ರಿ."

"ಆಕಿ ಹುಟ್ಟಿ ಎರಡು ಸಾವಿರ ವರ್ಷದ ಮ್ಯಾಲಾತು. ಆವಾಗ ಎಲ್ಲಿತ್ತಪಾ ಆಧಾರು?"

"ಕರ್ನಾಟಕದಾಕಿ ಇರಬೇಕ್ರಿ ಯವ್ವಾ, ರೂಲ್ಸ್ ಐತಿ."

"ನಾ ಸೀರಿ ಉಡಾಕ ಕಲಿಯೂಕಿಂತ ಮೊದಲಿಂದ ಗಜೇಂದ್ರಗಡದಾಗ ಅದಾಳ. ಬರಕೋ ಅಡ್ರೆಸ್!"

ಬಸ್ಸಿನ ಹೆಂಗಸರೆಲ್ಲ ಮಾತೆಯ ಪಕ್ಷ ವಹಿಸಿದರು. ಕಂಡಕ್ಟರ್ ಕೈಮುಗಿದು ಎರಡು ಶೂನ್ಯದ ಟಿಕೆಟ್ ಹರಿದುಕೊಟ್ಟ. ಪೂರ್ತಿ ದುಡ್ಡು ಕೊಟ್ಟು ಹೋದವನು ನಾನೊಬ್ಬನೇ!

ಬಸ್ಸು ಊರು ದಾಟಿದಮೇಲೆ ದೊಡ್ಡವ್ವ ಹೊರಗೆ ನೋಡುತ್ತ ಮೆಲ್ಲಗೆ ಕೇಳಿದಳು. "ನಿಮ್ಮವ್ವನ ಮೊಣಕಾಲು ಹ್ಯಾಂಗೈತಿ?"

"ನೀನ ಬಂದು ನೋಡು."

"ಕರದ್ರ ಬರ್ತೀನಿ."

"ಪಟ್ಟಿಯಾಗ ಹೆಸರು ಬರಿ, ಕರೀತಾಳ."

"ಆಕಿ ಬಾಯಿಬಿಟ್ಟು ಕೇಳಿದ್ರ ಬರೀತೀನಿ" ಎಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆರು ವರ್ಷಾತು. ನಾವಿಬ್ರೂ ಏನು ಇನ್ನ ನೂರು ವರ್ಷ ಇರತೀವೇನು?"

ಆ ತಿಂಗಳ ಕೊನೆಯ ದಿನವನ್ನು ದೊಡ್ಡವ್ವ ನಮ್ಮ ಪಕ್ಕದ ಕಿರಾಣಿ ಅಂಗಡಿಯಕ್ಕನ ಮನೆಗೆ ಕೊಟ್ಟಿದ್ದಳು. ನಮ್ಮ ಓಣಿಗೆ ಅಲ್ಲಿಯವರೆಗೆ ಒಂದು ದಿನವೂ ಸಿಕ್ಕಿರಲಿಲ್ಲ. ಅವರ ಕಟ್ಟೆಗೂ ನಮ್ಮ ಕಟ್ಟೆಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ, ಅಷ್ಟೇ. ಸಂಜೆ ಓಣಿಯ ಮಂದಿಯೆಲ್ಲ ಆ ಕಟ್ಟೆಯ ಮೇಲೆ ಸೇರಿದರು. ಅವ್ವ ನಮ್ಮ ಕಟ್ಟೆಯ ಮೇಲೆ ಕೂತು, ತನಗೇನೂ ಸಂಬಂಧವಿಲ್ಲದವಳ ಹಾಗೆ ಮೆಂತ್ಯ ಪಲ್ಲೆ ಸೋಸುತ್ತಿದ್ದಳು.

ಜಪಸರಕ್ಕೆ ವಾರದ ಲೆಕ್ಕವಿದೆ. ಜಪದ ನಡುವೆ ಯೇಸು ಮತ್ತು ಮಾತೆಯ ಬದುಕಿನ ಐದೈದು ಘಟನೆಗಳನ್ನು ನೆನೆಯುತ್ತೇವೆ, ಅವಕ್ಕೆ ರಹಸ್ಯಗಳು ಎನ್ನುತ್ತೇವೆ. ಸೋಮವಾರ ಸಂತೋಷದ ರಹಸ್ಯ, ಮಂಗಳವಾರ ದುಃಖದ ರಹಸ್ಯ. ಅವ್ವನ ಧರ್ಮೋಪದೇಶದ ಎಳೆಮಕ್ಕಳೂ ಇದನ್ನು ತಪ್ಪುವುದಿಲ್ಲ. ಅಂದು ಮಂಗಳವಾರ. ದೊಡ್ಡವ್ವ ಶಿಲುಬೆಯ ಗುರುತು ಮಾಡಿ ದೊಡ್ಡ ದನಿಯಲ್ಲಿ ಶುರುಮಾಡಿದಳು.

"ಸಂತೋಷದ ಮೊದಲನೇ ರಹಸ್ಯ!"

ಅವ್ವನ ಕೈ ಪಲ್ಲೆಯಲ್ಲಿ ನಿಂತಿತು. ನನ್ನ ಕಡೆ ನೋಡಿದಳು. "ಏ, ಹೋಗಿ ಹೇಳು, ಇವತ್ತು ಮಂಗಳವಾರ ಅಂತ" ಎಂದು ಪಿಸುಗುಟ್ಟಿದಳು.

ನನಗೆ ಎಲ್ಲಿಂದ ಧೈರ್ಯ ಬಂತೋ! "ಟೆಲಿಫೋನ್ ಕೆಟ್ಟೈತಿ ಅವ್ವಾ" ಎಂದೆ.

ಹತ್ತು ಮಣಿ ಉರುಳಿದವು. ಅವ್ವ ತುಟಿ ಕಚ್ಚಿ ಹಿಡಿದಿದ್ದಳು. ಸೊಪ್ಪು ಬುಟ್ಟಿಗೆ, ಕಡ್ಡಿ ನೆಲಕ್ಕೆ ಹೋಗಬೇಕಾದದ್ದು ಅದಲು ಬದಲಾಗಿ ಹೋಗುತ್ತಿತ್ತು. ದೊಡ್ಡವ್ವ ಮುಂದುವರಿಸಿದಳು.

"ಸಂತೋಷದ ಎರಡನೇ ರಹಸ್ಯ! ಮಾತೆ ಮರಿಯಮ್ಮ ತನ್ನ ಬಳಗದ ಎಲಿಜಬೇತಮ್ಮನ ಮನಿಗೆ ಹೋದದ್ದು..."

ಬುಟ್ಟಿ ಉರುಳಿತು. ಅವ್ವ ಎದ್ದು ನಿಂತಿದ್ದಳು.

"ಅಕ್ಕಾ! ಇವತ್ತು ಮಂಗಳವಾರ! ದುಃಖದ್ದು ಹೇಳಬೇಕು!"

ಅಂಗಡಿಯಕ್ಕ ಹೆದರಿ "ಏನಾತ್ರಿ, ನಮ್ಮಿಂದ ಏನರೆ ತಪ್ಪಾತೇನ್ರಿ?" ಎಂದು ನನ್ನ ಮುಖ ನೋಡಿದರು. ದೊಡ್ಡವ್ವ ತಿರುಗಲಿಲ್ಲ. ಮಾತೆಯ ಕಡೆ ಮುಖ ಮಾಡಿಯೇ ಹೇಳಿದಳು.

"ಮಂಗಳವಾರ ಅಂತ ನನಗ ಗೊತ್ತಿಲ್ಲೇನು? ತಿಂಗಳತನಕ ಸರಿ ಹೇಳೀನಿ. ಸರಿ ಹೇಳಿದ್ರ ನೀ ಬಾಯಿ ಬಿಡಂಗಿಲ್ಲ. ತಪ್ಪು ಹೇಳಿದ್ರರೆ ಮಾತಾಡ್ತಿ ಅಂತ ಹೇಳಿದೆ." ಇಡೀ ಊರನ್ನು ಗದರಿಸುವ ಆ ದನಿ ಒಡೆಯಿತು. "ನಿನ್ನ ಬಾಯಿಲೆ ಅಕ್ಕಾ ಅನ್ನೂದು ಕೇಳಿ ಆರು ವರ್ಷಾಗಿತ್ತು."

ಅವ್ವ ನೋಯುವ ಮೊಣಕಾಲನ್ನು ಎತ್ತಿ ಗೋಡೆ ದಾಟಿದಳು. ನಾನು ಕೈಹಿಡಿಯಲು ಹೋದರೆ ಕೊಡವಿಕೊಂಡಳು. ಅಕ್ಕನ ಮಗ್ಗುಲಿಗೆ ಕುಂತು, ಸೆರಗಿನಿಂದ ಮೂಗು ಒರೆಸಿಕೊಂಡು, "ನಡಿ, ಮೊದಲಿಂದ ಶುರುಮಾಡೂಣು. ದುಃಖದ್ದು" ಎಂದಳು.

"ಬ್ಯಾಡ" ಎಂದಳು ದೊಡ್ಡವ್ವ. "ದುಃಖದ್ದು ಆರು ವರ್ಷ ಹೇಳೀನಿ. ಸಾಕು."

ಆ ಮಂಗಳವಾರ ಐದೂ ಸಂತೋಷದ ರಹಸ್ಯಗಳೇ ಆದವು. ನಮ್ಮವ್ವ ಒಂದನ್ನೂ ತಿದ್ದಲಿಲ್ಲ.