ಮೂರನೇ ನಂಬರಿನ ಬಿಯರು

ಊಟ ಹೇಗಿತ್ತು ಎಂದು ಕೇಳಿದವರಿಗೆ ನಿಜ ಹೇಳಿದ ನೆನಪು ನನಗಿಲ್ಲ. ಇದಕ್ಕೆ ಕಾರಣ ನಮ್ಮಜ್ಜಿ. "ಎಲೆ ಮುಂದೆ ಕೂತು ಕೊರತೆ ಹೇಳಬಾರದು ಮಗಾ, ಅನ್ನ ಮುನಿಸಿಕೊಳ್ತದೆ" ಎಂದು ಆಕೆ ಕಲಿಸಿದ್ದನ್ನು ಮುಂಬಯಿಯ ಭಾಂಡುಪಿನ ಫ್ಲ್ಯಾಟಿನಲ್ಲೂ ಪಾಲಿಸುತ್ತಾ ಬಂದಿದ್ದೇನೆ. ಮದುವೆಯಾದ ಹೊಸತರಲ್ಲಿ ಅತ್ತೆ ಸಕ್ಕರೆಯೆಂದು ಉಪ್ಪು ಸುರಿದ ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡವನು ನಾನು. ಫಲವೇನೆಂದರೆ, ನನ್ನಿಂದ ಹೊಗಳಿಸಿಕೊಂಡವರೆಲ್ಲ ನನ್ನದು ಭಾರೀ ಸೂಕ್ಷ್ಮ ನಾಲಿಗೆ ಎಂದು ಸಾರಿಕೊಂಡು ಬಂದರು. ಹೊಗಳಿದವನ ನಾಲಿಗೆ ಸುಳ್ಳೆಂದರೆ ತಮ್ಮ ಅಡುಗೆಯೂ ಸುಳ್ಳಾಗುತ್ತದಲ್ಲ!

ಆ ಖ್ಯಾತಿಯೇ ಕಳೆದ ಚಳಿಗಾಲದಲ್ಲಿ ನನ್ನನ್ನು ಬಾಂದ್ರಾಕ್ಕೆ ಎಳೆದೊಯ್ದಿತು. ಅಲ್ಲಿ ನನ್ನ ಹೆಂಡತಿಯ ತಮ್ಮ ಸುಧಾಕರನದೊಂದು ರೆಸ್ಟೋರೆಂಟ್ ಇದೆ. ಈಗಿನ ಫ್ಯಾಶನ್ನಿನಂತೆ ಬಿಯರನ್ನೂ ಅಲ್ಲೇ ತಯಾರಿಸುತ್ತಾರೆ. ಚಳಿಗಾಲಕ್ಕೆಂದೇ ಐದು ನಮೂನೆ ಮಾಡಿಟ್ಟಿದ್ದರು. ಅದರಲ್ಲಿ ಒಂದನ್ನು ಆರಿಸಬೇಕಿತ್ತು. ಮುಂಬಯಿಯ ಚಳಿಗಾಲವೆಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವಷ್ಟು. ಆದರೂ ಜಿಪ್ಪಿನ ಸ್ವೆಟರಿಗೂ ವರ್ಷಕ್ಕೊಮ್ಮೆ ಗಾಳಿ ತಾಗಲಿ ಎಂದು ಅದನ್ನು ಹೆಗಲಿಗೇರಿಸಿಕೊಂಡೇ ಹೊರಟೆ. ಸುಧಾಕರ ತಾನೇ ರುಚಿ ನೋಡಬಹುದಿತ್ತು. ಆದರೆ ಶಬರಿಮಲೆಗೆ ಮಾಲೆ ಹಾಕಿದ್ದ. ಮಾಲೆ ಹಾಕಿದವನನ್ನು ಬೈಯುವಂತೆಯೂ ಇಲ್ಲ, ‘ಸ್ವಾಮಿ’ ಎನ್ನಬೇಕು. ಬರಿಗಾಲಲ್ಲಿ, ಕಪ್ಪು ಪಂಚೆಯುಟ್ಟು, ಬಾಗಿಲ ಹೊರಗೇ ನಮ್ಮ ಕಡೆಗೆ ಬೆನ್ನು ಹಾಕಿ ನಿಂತ ಸ್ವಾಮಿ, "ಭಾವ, ಇವತ್ತು ನಿಮ್ಮ ನಾಲಿಗೆಯೇ ನನ್ನ ನಾಲಿಗೆ. ಸರೀ ನೋಡಿ ಮಾರ್ಕ್ ಹಾಕಿ ಮಾರಾಯ್ರೆ" ಎಂದ.

ಬಿಯರ್ ತಯಾರಿಸುವವಳು ಧಾರವಾಡದ ಕಡೆಯ ಹುಡುಗಿ, ರೂಪಾ. ಹತ್ತಕ್ಕೆ ಎಷ್ಟೆಂದು ಬರೆಯಲು ನನಗೊಂದು ಹಾಳೆ ಕೊಟ್ಟು, "ಕಾಕಾ, ಖರೇನ ಹೇಳ್ರಿ. ಇರೋದು ಒಂದ ದೊಡ್ಡ ಟ್ಯಾಂಕ್. ನೀವು ಆರಿಸಿದ್ದನ್ನ ತುಂಬಸಾಕಿ ನಾ. ಅದು ಖರ್ಚಾಗಲಿಲ್ಲಂದ್ರ ನನ್ನ ಸೀದಾ ಊರಿಗೆ ಹೊಂಡು ಅಂತಾರ" ಎಂದಳು. ಅವಳ ಹೊಟ್ಟೆಪಾಡು ನನ್ನ ನಾಲಿಗೆಯ ಮೇಲೆ ನಿಂತಿದೆ ಎಂದು ತಿಳಿದದ್ದೇ ಆ ನಾಲಿಗೆ ಒಣಗಿತು.

ಮೊದಲನೆಯದರಲ್ಲಿ ಚಕ್ಕೆ, ಲವಂಗ. ಪಲಾವಿನ ಪಾತ್ರೆ ತೊಳೆದ ನೀರಿನಂತಿತ್ತು. ಒಂಬತ್ತು ಹಾಕಿದೆ. ಎರಡನೆಯದರಲ್ಲಿ ಕಿತ್ತಳೆ ಸಿಪ್ಪೆ. "ಕೆಮ್ಮಿಗೆ ಒಳ್ಳೆಯದು" ಎಂದು ಷರಾ ಬರೆದು ಅದಕ್ಕೂ ಒಂಬತ್ತು ಹಾಕಿದೆ. ಮೂರನೆಯದು ಬೆಲ್ಲ, ಶುಂಠಿಯದು. ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು. ಹೋಟೆಲಿನ ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವುದೂ ಅಜ್ಜಿಯ ಪಾಠವೇ. ನೀರು, ಮಜ್ಜಿಗೆ ಇದಕ್ಕೆ ಒಗ್ಗುತ್ತವೆ. ಬಿಯರಿಗೆ ನೊರೆ ಎಂಬುದೊಂದಿದೆ. ಮೊದಲೆರಡರಲ್ಲಿ ತೆಳ್ಳಗಿದ್ದ ಅದು, ಇದರಲ್ಲಿ ಎಷ್ಟು ಬಗ್ಗಿಸಿದರೂ ಮುಚ್ಚಳದಂತೆ ಗಟ್ಟಿಯಾಗಿ ಕೂತಿತ್ತು. ಇನ್ನಷ್ಟು ಬಗ್ಗಿಸಿದೆ. ಮುಚ್ಚಳ ಜಾರಿತು. ಬಾಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಗೂ ಬಿಯರ್ ಹೋಯಿತು. ಅಂಗಿ ಅಷ್ಟನ್ನೂ ಗಟಗಟ ಕುಡಿಯಿತು.

ಪುಣ್ಯಕ್ಕೆ ರೂಪಾ ನಾಲ್ಕನೆಯದನ್ನು ತರಲು ಒಳಗೆ ಹೋಗಿದ್ದಳು. ಮುಖ ಒರೆಸಿ, ಹೆಗಲ ಮೇಲಿನ ಸ್ವೆಟರ್ ತೊಟ್ಟು ಜಿಪ್ಪನ್ನು ಗಂಟಲವರೆಗೆ ಎಳೆದು, ನಾಲಿಗೆಗೆ ಒಂದು ಹನಿಯೂ ತಾಗದ ಮೂರನೇ ನಂಬರಿಗೆ ಧೈರ್ಯವಾಗಿ ಒಂಬತ್ತು ಹಾಕಿದೆ.

"ಎಂತ ಭಾವ, ಹೇಗುಂಟು?" ಎಂದಿತು ಬಾಗಿಲಾಚೆಯ ಬೆನ್ನು.

"ಬನಿಯನ್ನಿನವರೆಗೂ..." ಎಂದು ಶುರುಮಾಡಿ, "ಫಸ್ಟ್ ಕ್ಲಾಸ್ ಸ್ವಾಮಿ!" ಎಂದು ಮುಗಿಸಿದೆ.

ಉಳಿದೆರಡನ್ನು ಅಜ್ಜಿಯ ಕ್ಷಮೆ ಕೇಳಿ ತುಟಿ ತಾಗಿಸಿಯೇ ಕುಡಿದೆ. ಒಂಬತ್ತು, ಒಂಬತ್ತು.

ಹಾಳೆ ನೋಡಿದ ರೂಪಾ ತಲೆ ಮೇಲೆ ಕೈ ಹೊತ್ತಳು. "ಏನ್ರಿ ಕಾಕಾ, ಸಾಲಿ ಮಾಸ್ತರ ಆಗಬೇಕಿತ್ತು ನೀವು, ಒಬ್ಬ ಹುಡುಗನೂ ಫೇಲ್ ಆಗ್ತಿದ್ದಿಲ್ಲ! ಈಗ ನಾ ಟ್ಯಾಂಕಿಗೆ ಏನ್ ಹಾಕ್ಲಿ?" ಆಮೇಲೆ ಅವಳ ಕಣ್ಣು ಗ್ಲಾಸುಗಳ ಮೇಲೆ ಬಿತ್ತು. ನಾಲ್ಕರಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು. ಮೂರನೆಯದು ಮಾತ್ರ ಖಾಲಿ. "ಹೌದಲ್ರಿ! ಬಾಯಿ ಸುಳ್ಳ ಹೇಳ್ತೈತಿ, ಗ್ಲಾಸ್ ಹೇಳಂಗಿಲ್ಲ. ಇದ್ರಾಗ ಒಂದ ಹನಿ ಬಿಟ್ಟಿಲ್ಲ ನೋಡ್ರಿ ಕಾಕಾ!"

"ಮತ್ತೆ? ಭಾವನ ನಾಲಿಗೆ ಅಂದ್ರೆ ಎಂತ ಅಂತ ಮಾಡಿದ್ದೆ?" ಎಂದು ಹೊರಗಿನ ಸ್ವಾಮಿಯೂ ಹಿಗ್ಗಿದ.

ಹುಡುಗಿಯ ನೌಕರಿಯ ಪ್ರಶ್ನೆ, ಇವತ್ತಾದರೂ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಭ್ಯಾಸಬಲದಿಂದ "ಫಸ್ಟ್ ಕ್ಲಾಸ್!" ಎಂದೇ ಹೊರಬಂತು. ಆಮೇಲೆ ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಆದರೆ ಆದದ್ದೇನು? ಕ್ರಿಸ್‌ಮಸ್ಸಿಗೆ ಮೊದಲೇ ಟ್ಯಾಂಕ್ ಖಾಲಿ! ಮತ್ತೊಂದು ಸಲ ತುಂಬಿಸಿದರು, ಅದೂ ಖಾಲಿ. ರೂಪಾಳ ನೌಕರಿ ಭದ್ರವಾಯಿತು. ಈಗ ಬೇಸಿಗೆಯ ಬಿಯರಿಗೂ ಮಾರ್ಕು ಹಾಕಲು ನನಗೇ ಕರೆ ಬಂದಿದೆ. ನಾನೇ ಹೋಗಬೇಕೋ, ಅಂಗಿಯನ್ನಷ್ಟೇ ಕಳುಹಿಸಿದರೆ ಸಾಕೋ ಎಂದು ಯೋಚಿಸುತ್ತಿದ್ದೇನೆ.