ದೊಡ್ಡ ಕರುಳಿನಲ್ಲಿ ಸಾಸಿವೆ

ಐವತ್ತಮೂರು ವರ್ಷ ನನ್ನ ಹೊಟ್ಟೆ ನನ್ನ ಸ್ವಂತದ್ದಾಗಿತ್ತು. ಠಾಣೆ ನಗರದಲ್ಲಿರುವ ಅಣ್ಣ ಕುಶಲನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಸಿಕ್ಕಿದ ದಿನ ಅದು ನನ್ನ ಹೆಂಡತಿ ವಿನೋದಾಳ ಆಡಳಿತಕ್ಕೆ ಒಳಪಟ್ಟಿತು. ಒಡಹುಟ್ಟಿದವರೂ ಕೊಲೊನೋಸ್ಕೋಪಿ ಮಾಡಿಸಬೇಕು ಎಂದು ಅಣ್ಣನನ್ನು ನೋಡುತ್ತಿದ್ದ ಡಾಕ್ಟರ್ ಜ್ಯೋತ್ಸ್ನಾ ಹೇಳಿದ್ದೇ ತಡ, ಇವಳು ನನಗೆ ದಿನ ಗೊತ್ತುಮಾಡಿದಳು. ಹಿಂದಿನಿಂದ ಕ್ಯಾಮೆರಾ ತೂರಿಸಿ ನೋಡುವ ಪರೀಕ್ಷೆ ಎಂದು ತಿಳಿದಾಗ ನಾನು ಮಾನ, ಮರ್ಯಾದೆ, ಕುಲಗೌರವಗಳ ಬಗ್ಗೆ ದೀರ್ಘ ಭಾಷಣ ಮಾಡಿದೆ.

"ಮರ್ಯಾದೆ ಎಂತದು ಮಾರಾಯ್ರೆ? ಭಾವನಿಗೆ ಮೊದಲೇ ಗೊತ್ತಾಗಿದ್ರೆ ಇಷ್ಟು ಕಷ್ಟ ಇತ್ತಾ? ನಿಮಗೂ ಹಾಗೇ ಆದ್ರೆ ನಾನು ಎಂತ ಮಾಡುದು?" ಎಂದಳು. ಕಣ್ಣು ಒದ್ದೆಯಾಗಿತ್ತು. ನನಗೂ ಹೆದರಿಕೆಯಾಯಿತು, ಒಪ್ಪಿದೆ.

ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆಯಿಂದಲೇ ಏನೂ ತಿನ್ನುವಂತಿಲ್ಲ. ಎಳನೀರು, ಹಾಲಿಲ್ಲದ ಚಹಾ, ಸಂಜೆ ಹೊಟ್ಟೆ ತೊಳೆಯುವ ಔಷಧ. ನಾನು ಡೊಂಬಿವಲಿ ಸ್ಟೇಷನ್ ಬಳಿಯ ನಮ್ಮ ಹೋಟೆಲಿಗೆ ಹೋಗಿ ಗಲ್ಲಾದಲ್ಲಿ ಕೂತೆ. ಅಡುಗೆಯ ಸೈದಪ್ಪ ವಾಡಿಕೆಯಂತೆ ಬಟ್ಟಲು ಹಿಡಿದು ಬಂದ.

"ಧಣ್ಯಾರ, ಚಟ್ನಿ ಉಪ್ಪು ನೋಡ್ರಿ."

ನೋಡಿದೆ. ಆಮೇಲೆ ಸಾಂಬಾರು. ಆಮೇಲೆ ಸಾಂಬಾರಿಗೆ ವಡೆ ಹೊಂದುತ್ತದೋ ಎಂದು ಅರ್ಧ ವಡೆ (ಉಳಿದರ್ಧ ಬಿಸಾಡಿದರೆ ಅನ್ನಕ್ಕೆ ಅಪಚಾರ). ನಮ್ಮ ದಂಧೆಯಲ್ಲಿ ರುಚಿ ನೋಡುವುದೆಂದರೆ ತಿನ್ನುವುದಲ್ಲ. ಇಪ್ಪತ್ತೇಳು ವರ್ಷ ಏಕಾದಶಿಯ ದಿನವೂ ನೋಡಿದ್ದೇನೆ. ದೇವರು ಒಮ್ಮೆಯೂ ಆಕ್ಷೇಪಿಸಿಲ್ಲ.

ಆದರೆ ದೇವರು ಕ್ಯಾಮೆರಾ ಹಾಕಿ ನೋಡಿರಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಮಂಪರಿನಿಂದ ಎದ್ದಾಗ ಡಾಕ್ಟರ್ ಮತ್ತು ವಿನೋದಾ ಒಂದು ಫೋಟೋ ನೋಡುತ್ತಿದ್ದರು.

"ಲೀಲಾಧರ ಅವರೇ, ನಿನ್ನೆ ಏನಾದ್ರೂ ತಿಂದ್ರಾ?" ಡಾಕ್ಟರ್ ಕೇಳಿದರು.

"ದೇವರಾಣೆ ಇಲ್ಲ."

"ಮತ್ತೆ ಈ ಸಾಸಿವೆ, ಕರಿಬೇವು ಎಲ್ಲಿಂದ ಬಂತು? ಒಳಗೆ ಏನೂ ಸರಿಯಾಗಿ ಕಾಣಿಸ್ಲಿಲ್ಲ. ಇನ್ನೊಂದ್ಸಲ ಮಾಡ್ಬೇಕು."

ವಿನೋದಾ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದಳು. "ಇದು ನಮ್ಮ ಹೋಟೆಲಿನದ್ದೇ ಒಗ್ಗರಣೆ ಡಾಕ್ಟ್ರೇ. ಸಾಸಿವೆ ಸಿಡಿಯುವ ಮೊದಲೇ ಇಳಿಸುದು ಸೈದಪ್ಪ ಮಾತ್ರ."

ಮುಂದಿನ ವಾರ ನನ್ನನ್ನು ಮನೆಯೊಳಗೆ ಕೂಡಿಹಾಕಿ ಬಾಗಿಲಲ್ಲೇ ಕಾವಲು ಕೂತಳು. ಈ ಸಲ ಕರುಳು ಉಜ್ಜಿ ತೊಳೆದ ಪಾತ್ರೆಯಂತಿತ್ತಂತೆ. ಅದರಲ್ಲಿ ಉದ್ದಿನ ಕಾಳಿನಷ್ಟು ಒಂದು ಗಂಟು ಕಂಡಿತು. ಅಲ್ಲೇ ಕತ್ತರಿಸಿ ತೆಗೆದರು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು ಎಂದು ವರದಿ ಬಂತು. ಮೊದಲ ಸಲ ಅದು ಚಟ್ನಿಯ ಮರೆಯಲ್ಲಿ ಅಡಗಿ ಕೂತಿತ್ತು. ವಿನೋದಾ ಡಾಕ್ಟರ ಕೈ ಹಿಡಿದುಕೊಂಡು ಅತ್ತಳು.

ಆ ಕೃತಜ್ಞತೆಯಲ್ಲಿ ನಾನೇ ನಮ್ಮ ಹೋಟೆಲ್ ಮಾಲೀಕರ ಸಂಘದವರಿಗೆಲ್ಲ, ಡಾಕ್ಟರ ಹತ್ತಿರ ಹೋಗಿ ವಿಚಾರಿಸಿ ಎಂದು ಉಪದೇಶಿಸಿದೆ. ನಾಲ್ವರು ಹೋದರು. ಅವರಿಗೆ ಕೊಟ್ಟ ಸೂಚನೆಯ ಹಾಳೆಯಲ್ಲಿ ಕೊನೆಗೆ ಹೊಸದಾಗಿ ಸೇರಿಸಿದ್ದು ಹೀಗಿತ್ತು: 'ಹೋಟೆಲಿನವರು ಗಮನಿಸಿ. ರುಚಿ ನೋಡಿದರೂ ತಿಂದಂತೆಯೇ. ಇತ್ತೀಚೆಗೆ ಒಬ್ಬರು ಸಾಸಿವೆ ಸಮೇತ ಬಂದಿದ್ದರು.' ಹೆಸರು ಹಾಕಿರಲಿಲ್ಲ. ಡಾಕ್ಟರ್ ಸಭ್ಯಸ್ಥರು ಎಂದು ನಾನು ನಿರಾಳನಾದೆ.

ಸಂಜೆ ಅದೇ ಹಾಳೆಯ ಫೋಟೋ ಸಂಘದ ವಾಟ್ಸಾಪ್ ಗುಂಪಿಗೆ ಬಂತು. ಕಳಿಸಿದವಳು ವಿನೋದಾ. ಕೆಳಗೆ ಬರೆದಿದ್ದಳು: "ಅದು ನಮ್ಮವರೇ."