ಸಮ್ಮತಿಯಿಲ್ಲದೆ ಗುಣವಾದವರು

ನಮ್ಮ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ನೀತಿಶಾಸ್ತ್ರ ಮತ್ತು ಆರೋಗ್ಯ ಸಮಾಜಶಾಸ್ತ್ರ ವಿಭಾಗದ ನೀರಿನ ಟ್ಯಾಂಕಿನಲ್ಲಿ ಒಂದು ಪಾರಿವಾಳ ಬಿದ್ದು ಸತ್ತಿತ್ತು. ಇದು ನಿರ್ವಿವಾದ. ಅದು ಬಿದ್ದದ್ದು ಹೇಗೆ ಎಂಬುದಕ್ಕೆ ಉಪಸಮಿತಿಯೊಂದಿದೆ, ಆ ವಿಷಯ ಇಲ್ಲಿ ಬೇಡ. ಈ ವಿಭಾಗದ ನೈತಿಕ ಸಮಿತಿಗೆ ನಾನು ಕಾರ್ಯದರ್ಶಿ. ಮುಂದೆ ನಡೆದದ್ದನ್ನು ಕಂಡಕಂಡವರು ಬಾಯಿಗೆ ಬಂದಂತೆ ಹೇಳಿಕೊಂಡು ತಿರುಗುತ್ತಿರುವುದರಿಂದ, ಇದ್ದದ್ದನ್ನು ಇದ್ದಂತೆ ಬರೆದಿಡುವುದು ನನ್ನ ಕರ್ತವ್ಯ.

ಪಾರಿವಾಳ ಬಿದ್ದ ಮೇಲೆ ವಿದ್ಯಾರ್ಥಿಗಳಿಗೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಯಿತು. ಪಾಠದ ನಡುವೆ ಒಬ್ಬೊಬ್ಬರೇ ಹೊಟ್ಟೆ ಹಿಡಿದುಕೊಂಡು ಹೊರಗೆ ಓಡುತ್ತಿದ್ದರು. ಅಧ್ಯಾಪಕರಿಗೆ ಮಾತ್ರ ಏನೂ ಆಗಲಿಲ್ಲ. ಸಂಶೋಧಕರೇ ಸಂಶೋಧನೆಯ ವಸ್ತುವಾಗಬಾರದು ಎಂಬ ತತ್ವಕ್ಕೆ ಕಟ್ಟುಬಿದ್ದು ನಾವು ಮೊದಲಿನಿಂದಲೂ ಮನೆಯಿಂದಲೇ ನೀರು ತರುತ್ತೇವೆ.

ಬೇರೆ ವಿಭಾಗವಾಗಿದ್ದರೆ ಟ್ಯಾಂಕ್ ತೊಳೆಸಿ ಸುಮ್ಮನಾಗುತ್ತಿದ್ದರು. ನಮ್ಮ ಮುಖ್ಯಸ್ಥರು ಅಂಥ ಅವಸರದವರಲ್ಲ. ಸಮ್ಮತಿ ಎಂಬ ಒಂದೇ ವಿಷಯವನ್ನು ಜೀವಮಾನವಿಡೀ ಬೋಧಿಸಿದವರು. ಬಾಗಿಲು ತಟ್ಟಿದವರಿಗೆ "ಬನ್ನಿ" ಎನ್ನುವ ಮೊದಲು "ಒಳಗೆ ಬರೋಕೆ ನಿಮಗೆ ಮನಸ್ಸಿದೆಯಾ?" ಎಂದು ಕೇಳುವವರು. ವಿದ್ಯಾರ್ಥಿಗಳು ಅವರನ್ನು ಸಮ್ಮತಿ ಮೇಷ್ಟ್ರು ಎಂದೇ ಕರೆಯುತ್ತಾರೆ. ಅವರು ಸಭೆ ಕರೆದು, "ಇಷ್ಟು ದಿನ ಕಾಯಿಲೆ ಹುಡುಕಿಕೊಂಡು ಊರೂರು ಅಲೀತಿದ್ವಿ. ಈಗ ಅದೇ ನಮ್ಮ ತಲೆ ಮೇಲೆ ಬಂದು ಕೂತಿದೆ. ಬಿಟ್ಟರೆ ಸಿಗುತ್ತಾ?" ಎಂದರು.

ಹೀಗೆ ಸಂಶೋಧನಾ ಯೋಜನೆ ಹುಟ್ಟಿತು. ಅನುದಾನ ಬಂತು. ಅದರಲ್ಲಿ ಮುಖ್ಯಸ್ಥರ ಕೋಣೆಗೆ ಸೋಫಾ ಬಂತು, ಸೋಫಾದ ಪಕ್ಕಕ್ಕೆ ನೀರು ಶುದ್ಧ ಮಾಡುವ ಯಂತ್ರವೂ ಬಂತು. ಅಂತಿಮ ವರ್ಷದವರಿಗೆ ಪ್ರಬಂಧದ ವಿಷಯಗಳನ್ನು ಹಂಚಲಾಯಿತು: ಹೊಟ್ಟೆನೋವು ಮತ್ತು ವರ್ಗ, ಹೊಟ್ಟೆನೋವು ಮತ್ತು ಲಿಂಗ, ಹೊಟ್ಟೆನೋವು ಮತ್ತು ಹಾಜರಾತಿ. ವಿದ್ಯಾರ್ಥಿಗಳು ಹೊರಗಿನ ನೀರು ತಂದರೆ ಅಂಕಿಅಂಶ ಕೆಡುವುದರಿಂದ, ತಂದವರ ಪ್ರಬಂಧವನ್ನು ಸ್ವೀಕರಿಸತಕ್ಕದ್ದಲ್ಲ ಎಂಬ ನಿಯಮವನ್ನೂ ನಲ್ಲಿಯ ಮೇಲೆಯೇ ಅಂಟಿಸಿದೆವು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಹೊಸ ಮೇಡಂ ತಕರಾರು ತೆಗೆದರು. ಈಕೆ ಆ ವರ್ಷವಷ್ಟೇ ಸೇರಿದ ತಾತ್ಕಾಲಿಕ ಅಧ್ಯಾಪಕಿ. ವರ್ಷದ ಕೊನೆಗೆ ಕೆಲಸ ಖಾಯಂ ಆಗಬೇಕು, ಇಲ್ಲವಾದರೆ ಮನೆ ದಾರಿ. ಮನೆಯೆಂದರೆ ಆಕೆ ಮತ್ತು ಆಕೆಯ ತಮ್ಮ, ಇಬ್ಬರೇ. ಸಂಪಾದಿಸುವವರು ಆಕೆಯೊಬ್ಬರೇ. ತಮ್ಮ ನಮ್ಮದೇ ಅಂತಿಮ ವರ್ಷದಲ್ಲಿ ಓದುತ್ತಿದ್ದ. ಮೊದಲೇ ಕಡ್ಡಿಯಂಥ ಹುಡುಗ, ಈಗಂತೂ ಅಂಗಿಯೊಳಗೆ ಎಲ್ಲಿದ್ದಾನೆಂದು ಹುಡುಕಬೇಕಾಗಿತ್ತು.

"ಸರ್, ಟ್ಯಾಂಕಿನಲ್ಲಿ ಹಕ್ಕಿ ಕೊಳೀತಾ ಇದೆ. ತೆಗೆಸಿಬಿಡೋಣ," ಎಂದರು ಮೇಡಂ.

"ತೆಗೆಸಬಹುದಮ್ಮಾ," ಎಂದರು ಮುಖ್ಯಸ್ಥರು. "ಆದ್ರೆ ಅದು ಇನ್ನೊಬ್ಬರ ಆರೋಗ್ಯದಲ್ಲಿ ಕೈ ಹಾಕಿದ ಹಾಗಲ್ವಾ? ಅವರ ಸಮ್ಮತಿ ಬೇಕಲ್ಲ."

"ಮಕ್ಕಳನ್ನೇ ಕೇಳೋಣ ಸರ್."

"ಕೇಳ್ಬೇಕಾದ್ರೆ ನೀರು ಕೆಟ್ಟಿದೆ ಅಂತ ಹೇಳ್ಬೇಕು. ಹೇಳಿದ್ರೆ ಕುಡಿಯೋದು ಬಿಡ್ತಾರೆ."

"ಅವರಿಗೆ ಆಗಲೇ ಗೊತ್ತಿದೆ ಸರ್. ವಾಸನೆ ಬರ್ತಿದೆ."

"ಅವರಿಗೆ ಗೊತ್ತಿರೋದು ಬೇರೆ, ನಾವು ತಿಳಿಸೋದು ಬೇರೆ."

ಪಕ್ಕದಲ್ಲಿದ್ದ ಸಮಾಜಶಾಸ್ತ್ರದ ಪ್ರೊಫೆಸರು ಮೇಡಂಗೆ ಸಮಾಧಾನ ಹೇಳಿದರು. "ಅಷ್ಟಕ್ಕೂ ಕಾಯಿಲೆ ಅನ್ನೋದು ಸಮಾಜ ಕಟ್ಟಿದ ಕಲ್ಪನೆ ಮೇಡಂ."

"ನನ್ನ ತಮ್ಮ ಬೆಳಗ್ಗೆಯಿಂದ ಶೌಚಾಲಯದಿಂದ ಆಚೆ ಬಂದಿಲ್ಲ ಸರ್."

"ಶೌಚಾಲಯಾನೂ ಸಮಾಜ ಕಟ್ಟಿದ್ದೇ."

ಇಷ್ಟು ವಿವರಿಸಿದ ಮೇಲೂ ಆಕೆಗೆ ಅರ್ಥವಾಗಲಿಲ್ಲ. ಮುಂದಿನ ರಜೆಯ ದಿನ, ಬಣ್ಣ ಬಳಿಯುವವರ ಏಣಿ ಕೇಳಿ ತಂದು, ಬಕೆಟ್ಟು ಹಿಡಿದು ತಾರಸಿ ಹತ್ತಿದರು. ಪಾರಿವಾಳವನ್ನು ತೆಗೆದು ಹೂತರು. ಟ್ಯಾಂಕಿನೊಳಗೆ ಇಳಿದು ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಮೇಲೊಂದು ತಗಡು ಮುಚ್ಚಿ ಇಟ್ಟಿಗೆ ಹೇರಿದರು. ಇದಕ್ಕೆ ಯಾರ ಅನುಮತಿಯೂ ಇರಲಿಲ್ಲ.

ಪರಿಣಾಮ ಭೀಕರವಾಗಿತ್ತು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಚೇತರಿಸಿಕೊಂಡರು. ತರಗತಿಯಿಂದ ಯಾರೂ ಎದ್ದು ಓಡದೆ, ಸಮಾಜಶಾಸ್ತ್ರದ ಪ್ರೊಫೆಸರು ಪೂರ್ತಿ ಒಂದು ಗಂಟೆ ಪಾಠ ಮಾಡಬೇಕಾಗಿ ಬಂತು. ಅವರು ಅದಕ್ಕೆ ಸಿದ್ಧರಾಗಿ ಬಂದಿರಲಿಲ್ಲ, ಪಾಪ. ಪ್ರಬಂಧಗಳೆಲ್ಲ ಅರ್ಧಕ್ಕೇ ನಿಂತವು. ಅನುದಾನ ಕೊಟ್ಟವರು ಹೊಟ್ಟೆನೋವು ಎಲ್ಲಿ ಎಂದು ಕೇಳಿದರೆ ತೋರಿಸಲು ನಮ್ಮ ಬಳಿ ಸೋಫಾ ಮಾತ್ರ ಇತ್ತು.

ವಿಚಾರಣೆ ನಡೆಯಿತು. ಒಂದು ಇಡೀ ತರಗತಿಯನ್ನು ಅದರ ಸಮ್ಮತಿಯಿಲ್ಲದೆ ಗುಣಪಡಿಸಿದ್ದು ಎಂಬ ಆರೋಪವನ್ನು ನಾನೇ ಓದಿದೆ.

"ಹೊಟ್ಟೆನೋವು ಬರಿಸುವಾಗ ಸಮ್ಮತಿ ತಗೊಂಡಿದ್ರಾ?" ಎಂದು ಮೇಡಂ ಕೇಳಿದರು.

"ಅದು ಪಾರಿವಾಳ ಮಾಡಿದ್ದು. ಪಾರಿವಾಳ ನಮ್ಮ ಸಿಬ್ಬಂದಿ ಅಲ್ಲ, ನೀವು ಸಿಬ್ಬಂದಿ," ಎಂದರು ಮುಖ್ಯಸ್ಥರು. ಆದರೂ ಅವರದು ಮೃದು ಮನಸ್ಸು. ಗುಣವಾದವರೆಲ್ಲ ಈಗಲಾದರೂ ಸಮ್ಮತಿ ಕೊಟ್ಟರೆ ಆರೋಪ ಬಿಟ್ಟು ಕೆಲಸ ಖಾಯಂ ಮಾಡುವುದಾಗಿ ಹೇಳಿದರು.

ಮೇಡಂ ಮೊದಲು ತಮ್ಮನ ಬಳಿಗೇ ಹೋದರು. ನಾನು ಸಾಕ್ಷಿಯಾಗಿ ಪಕ್ಕದಲ್ಲಿದ್ದೆ.

"ಅಕ್ಕಾ, ನನ್ನ ಪ್ರಬಂಧ ಅರ್ಧ ಆಗಿದೆ. ಗುಣವಾದೆ ಅಂತ ಒಪ್ಪಿಕೊಂಡ್ರೆ ಪಾಸಾಗೋದು ಹೇಗೆ?"

"ಲೋ, ನಿನ್ನ ಜೀವ ಉಳಿಸಿದ್ದೀನಿ ಕಣೋ!"

"ಉಳಿಸೋಕೆ ಮುಂಚೆ ಕೇಳ್ಬೇಕಿತ್ತು. ಕ್ಲಾಸಲ್ಲಿ ನೀನೇ ಹೇಳಿಕೊಟ್ಟಿದ್ದು."

ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ಸೇವೆಯಲ್ಲಿ ಬೋಧನೆ ಹೀಗೆ ಫಲ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಮೇಡಂ ಸಹಿಯಿಲ್ಲದ ಕಾಗದವನ್ನು ಮಡಚಿಕೊಂಡು ಉಳಿದವರ ಬಳಿಗೆ ಹೋದರು. ತಮ್ಮನೇ ಒಪ್ಪದ ಮೇಲೆ ಉಳಿದವರೂ ಒಪ್ಪಲಿಲ್ಲ. ಸಮಿತಿ ಪ್ರಕಟಣೆ ಹೊರಡಿಸಿತು:

"ಟ್ಯಾಂಕನ್ನು ಹಿಂದಿನ ಸ್ಥಿತಿಗೆ ತರತಕ್ಕದ್ದು. ಇದಕ್ಕಾಗಿ ಯಾವುದೇ ಪಾರಿವಾಳವನ್ನು ಕೊಲ್ಲತಕ್ಕದ್ದಲ್ಲ. ಪಾರಿವಾಳವು ಸ್ವಇಚ್ಛೆಯಿಂದ ಬೀಳತಕ್ಕದ್ದು. ಬೀಳುವಂತೆ ಒತ್ತಾಯ, ಆಮಿಷ, ಬೆದರಿಕೆ ಇರಕೂಡದು. ತಪ್ಪಿತಸ್ಥ ಅಧ್ಯಾಪಕಿಯನ್ನು ಪುನಃಸ್ಥಾಪನಾಧಿಕಾರಿಯಾಗಿ ನೇಮಿಸಲಾಗಿದ್ದು, ಪಾರಿವಾಳ ಬಿದ್ದ ದಿನದಿಂದ ಅವರ ಸೇವೆ ಖಾಯಂ ಆಗತಕ್ಕದ್ದು."

ತಗಡು ತೆಗೆದೆವು. ಮೇಡಂಗೆ ತಾರಸಿಯಲ್ಲಿ ಒಂದು ಕುರ್ಚಿ ಹಾಕಿಸಿದೆವು. ಮೊದಮೊದಲು ಆಕೆ ಟ್ಯಾಂಕಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಪಾರಿವಾಳ ಬಂದರೆ ಕೈಬೀಸಿ ಓಡಿಸುತ್ತಿದ್ದರು. ವರ್ಷದ ಕೊನೆ ಹತ್ತಿರವಾದಂತೆ ಬೀಸುವುದು ನಿಂತಿತು. ಆಮೇಲೆ ಕುರ್ಚಿ ಟ್ಯಾಂಕಿನ ಕಡೆಗೆ ತಿರುಗಿತು. ಒಂದು ಮಧ್ಯಾಹ್ನ ದಪ್ಪನೆಯ ಪಾರಿವಾಳವೊಂದು ಬಂದು ಟ್ಯಾಂಕಿನ ಅಂಚಿನಲ್ಲಿ ಕೂತಿತು. ಕೆಳಗೆ ವಿದ್ಯಾರ್ಥಿಗಳೆಲ್ಲ ಉಸಿರು ಬಿಗಿಹಿಡಿದು ನಿಂತರು. ಅದು ಒಳಗೆ ಇಣುಕಿತು, ಕತ್ತು ಓರೆ ಮಾಡಿ ಮೇಡಂ ಕಡೆ ನೋಡಿತು, ಹಾರಿಹೋಯಿತು. ಪಾರಿವಾಳ ಸಮ್ಮತಿ ನಿರಾಕರಿಸಿದೆ, ಅದರ ನಿರ್ಧಾರವನ್ನು ಸಮಿತಿ ಗೌರವಿಸುತ್ತದೆ ಎಂದು ನಾನು ದಾಖಲಿಸಿದೆ.

ವರ್ಷ ಮುಗಿಯುವ ಹಿಂದಿನ ದಿನ ಮೇಡಂ ತಾರಸಿಯಿಂದ ಇಳಿದು ಬಂದರು. ಸೀರೆಯ ಸೆರಗು ಒದ್ದೆಯಾಗಿತ್ತು.

"ಬಿತ್ತು ಸರ್," ಎಂದರು.

ಹೇಗೆ ಬಿತ್ತು ಎಂದು ಯಾರೂ ಕೇಳಲಿಲ್ಲ. ಅದಕ್ಕೆ ಉಪಸಮಿತಿಯಿದೆ ಎಂದು ಮೊದಲೇ ಹೇಳಿದ್ದೇನೆ. ಖಾಯಂ ಆದೇಶ ಅಂದೇ ಮೇಡಂ ಕೈಗೆ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದೆವು.

ಈಗ ನಮ್ಮ ವಿಭಾಗ ಮತ್ತೆ ಚೇತರಿಸಿಕೊಂಡಿದೆ. ಗಡುವು ಮುಂದಕ್ಕೆ ಹಾಕಿದ ಪ್ರಬಂಧಗಳು ಚುರುಕಾಗಿವೆ, ತರಗತಿಗಳು ಬೇಗ ಖಾಲಿಯಾಗುತ್ತಿವೆ. ಮೊನ್ನೆ ನಾನು ಮೇಡಂ ಕೋಣೆಯಲ್ಲಿದ್ದಾಗ ಆಕೆಯ ತಮ್ಮ ಹೊಟ್ಟೆ ಹಿಡಿದುಕೊಂಡು ಬಂದು ಮೇಜಿಗೆ ಒರಗಿದ.

"ಅಕ್ಕಾ, ನಿನ್ನ ಬಾಟಲಿಯಿಂದ ಒಂದು ಗುಟುಕು ನೀರು ಕೊಡೇ."

"ಇಲ್ಲಿ ಮೇಡಂ ಅನ್ನು," ಎಂದರು ಆಕೆ. "ಒಳ್ಳೆ ನೀರು ಕುಡಿಯೋಕೆ ನಿನ್ನ ಸಮ್ಮತಿ ಇದೆಯಾ? ಇದ್ರೆ ಇಲ್ಲಿ ಸಹಿ ಹಾಕು."

ಅವನು ಬಾಟಲಿಯನ್ನು ನೋಡಿದ, ಕಾಗದವನ್ನು ನೋಡಿದ.

"ಬೇಡ ಮೇಡಂ, ಪ್ರಬಂಧ ಕೆಡುತ್ತೆ," ಎಂದು ನಲ್ಲಿಯ ಕಡೆ ನಡೆದ.

ಮೇಡಂ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಅವನ ನಿರ್ಧಾರವನ್ನು ಗೌರವಿಸಲಾಗಿದೆ ಎಂದು ಬರೆದುಕೊಂಡರು.